ಚೌಕಾಬಾರದ ಕವಡೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಎಸೆಯುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ಸಂಭವನೀಯತೆಯ ಪಾಠಕ್ಕೆಂದು ಮಕ್ಕಳಿಂದ ಸ್ಪ್ರೆಡ್‌ಶೀಟ್‌ನಲ್ಲಿ ಚೌಕಾಬಾರ ಆಡಿಸುತ್ತಿದ್ದೇನೆ. ಬೀಳುವ ಗರಗಳು 1, 2, 3, 4, 8 ಎಂಬ ಐದೇ ಆದ್ದರಿಂದ, ರ‍್ಯಾಂಡ್‌ಬಿಟ್ವೀನ್ ಸೂತ್ರದಿಂದ ಐದರಲ್ಲೊಂದನ್ನು ಆರಿಸುವಂತೆ ಮಾಡಿದೆ. ಆದರೆ ಮರುಆಟ ಕೊಡುವ ಚೌಕ (4), ಬಾರ (8) ಮೇಲಿಂದ ಮೇಲೆ ಬಿದ್ದು ಒಬ್ಬರ ಸರದಿಯೇ ಮುಗಿಯುವುದಿಲ್ಲ. ತಪ್ಪು ಎಲ್ಲಿದೆ? ಬೇರೆಲ್ಲೋ ಏನಾದರೂ ಟೈಪ್ ಮಾಡಿದರೂ ಬಿದ್ದ ಗರಗಳೆಲ್ಲ ಬದಲಾಗುತ್ತವೆ. ಇದನ್ನು ತಡೆಯುವುದು ಹೇಗೆ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಗರಗಳು ಐದು ಇದ್ದ ಮಾತ್ರಕ್ಕೆ ಐದಕ್ಕೂ ಸಮಪಾಲು ಸಿಗುವುದಿಲ್ಲ, ಮೇಡಂ. ನಿಮ್ಮ ಹಾಳೆಯಲ್ಲಿ ಚೌಕಕ್ಕೂ ಬಾರಕ್ಕೂ ತಲಾ ಶೇ 20 ಸಿಕ್ಕಿದೆ. ಅಂದರೆ ನೂರರಲ್ಲಿ ನಲವತ್ತು ಸಲ ಮರುಆಟ. ನಿಜವಾದ ಆಟದಲ್ಲಿ ಪ್ರತಿ ಕವಡೆಯೂ ಅಂಗಾತವೋ ಬೋರಲೋ ಬೀಳುತ್ತದೆ. ನಾಲ್ಕು ಕವಡೆಗಳು ಬೀಳುವ ಬಗೆಗಳು 16. ಎರಡು ಅಂಗಾತ, ಎರಡು ಬೋರಲು ಬೀಳಲು ಅವುಗಳಲ್ಲಿ 6 ದಾರಿಗಳಿವೆ. ನಾಲ್ಕೂ ಅಂಗಾತವಾಗಲು (ಚೌಕ) ಒಂದೇ ದಾರಿ, ನಾಲ್ಕೂ ಬೋರಲಾಗಲು (ಬಾರ) ಇನ್ನೊಂದು. ಹಾಗಾಗಿ 2ರ ಗರಕ್ಕೆ ಶೇ 37.5, ಚೌಕಕ್ಕೆ ಶೇ 6.25, ಬಾರಕ್ಕೂ ಅಷ್ಟೇ.

ಗರವನ್ನು ಆರಿಸುವುದನ್ನು ಬಿಟ್ಟು ಕವಡೆಗಳನ್ನೇ ಎಸೆಯಿರಿ. ಎ, ಬಿ, ಸಿ, ಡಿ ಕಂಬಗಳಲ್ಲಿ 0 ಅಥವಾ 1 ಕೊಡುವ ರ‍್ಯಾಂಡ್‌ಬಿಟ್ವೀನ್ ಬರೆಯಿರಿ. ಇ ಕಂಬದಲ್ಲಿ ನಾಲ್ಕನ್ನೂ ಕೂಡಿಸಿ, ಮೊತ್ತ 0 ಬಂದರೆ 8 ಎಂದು ತೋರಿಸಲು ಇಫ್ ಸೂತ್ರ ಬಳಸಿ. ಒಂದೇ ಕೋಶದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸುವ ಆತುರ ಮಕ್ಕಳಲ್ಲಿ ಕಂಡರೆ ಅಲ್ಲೇ ತಡೆಯಿರಿ: ಕವಡೆಗಳನ್ನು ಒಂದಕ್ಕೊಂದು ಅಂಟಿಸಿ ಎಸೆದಂತಾಗುತ್ತದೆ. ಸಾಲನ್ನು 1,000ದವರೆಗೆ ಕೆಳಗೆಳೆದು, ಕೌಂಟ್‌ಇಫ್‌ನಿಂದ 8ರ ಗರಗಳನ್ನು ಎಣಿಸಿ. 62ರ ಆಸುಪಾಸು ಬರಬೇಕು. 50 ಅಥವಾ 75 ಬಂದರೂ ಗಾಬರಿ ಬೇಡ. ಈ ಏರಿಳಿತವನ್ನು ಶೇಕಡಾವಾರಿನಲ್ಲಿ ಅರ್ಧಕ್ಕಿಳಿಸಲು ಸಾಲುಗಳನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ.

ಹಾಳೆ ಮರುಲೆಕ್ಕ ಮಾಡಿದಾಗಲೆಲ್ಲ ಯಾದೃಚ್ಛಿಕ ಸಂಖ್ಯೆಗಳು ಹೊಸದಾಗಿ ಹುಟ್ಟುತ್ತವೆ. ಉಳಿಸಿಕೊಳ್ಳಬೇಕಾದವನ್ನು ಕಾಪಿ ಮಾಡಿ, ಸೂತ್ರ ಬಿಟ್ಟು ಮೌಲ್ಯಗಳನ್ನು ಮಾತ್ರ ಪೇಸ್ಟ್ ಮಾಡಿ. ಎಕ್ಸೆಲ್‌ನಲ್ಲಿ ಎಫ್9 ಒತ್ತಿದರೆ ಸಾವಿರ ಎಸೆತಗಳೂ ಒಮ್ಮೆಲೇ ಹೊಸದಾಗುತ್ತವೆ. ಇದನ್ನು ತರಗತಿಯಲ್ಲಿ ಖಂಡಿತ ತೋರಿಸಿ.

ಇಷ್ಟಾದರೂ ಕವಡೆ ನಾಣ್ಯವಲ್ಲ. ಅದರ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡು ಬದಿಗೂ ಸಮ ಅವಕಾಶವಿದೆ ಎಂದು ನಂಬಲು ಕಾರಣವಿಲ್ಲ. ಮಕ್ಕಳು ಒಂದು ಕವಡೆಯನ್ನು 200 ಸಲ ಎಸೆದು, ಎಷ್ಟು ಸಲ ಅಂಗಾತ ಬಿತ್ತೆಂದು ಬರೆದಿಡಲಿ. ಉದಾಹರಣೆಗೆ, 80 ಸಲ ಎಂದಿಟ್ಟುಕೊಳ್ಳಿ. ಆಗ ಪಾಲು 0.4. ರ‍್ಯಾಂಡ್ ಸೂತ್ರ 0ಯಿಂದ 1ರೊಳಗಿನ ದಶಮಾಂಶ ಸಂಖ್ಯೆ ಕೊಡುತ್ತದೆ, ಅದು 0.4ಕ್ಕಿಂತ ಕಡಿಮೆಯಿದ್ದರೆ 1, ಇಲ್ಲವಾದರೆ 0 ಎಂದು ಬರೆಯಿರಿ. ಬಾರ ಸುಮಾರು ಶೇ 13ಕ್ಕೆ ಏರುತ್ತದೆ, ಚೌಕ ಶೇ 2.6ಕ್ಕೆ ಇಳಿಯುತ್ತದೆ. ನಿಮ್ಮ ಮಕ್ಕಳ ಕೈಯ ಕವಡೆ ಎಷ್ಟು ಸಲ ಅಂಗಾತ ಬಿತ್ತೆಂದು ದಯವಿಟ್ಟು ಬರೆದು ತಿಳಿಸಿ.