ಪಾಸ್‌ವರ್ಡ್ ವಾಯಿದೆ, ಖಾತೆಯ ವಾಯಿದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನ ಉಬುಂಟು ಲಿನಕ್ಸ್ ಸರ್ವರ್‌ನಲ್ಲಿ ಎಲ್ಲರೂ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲಿ ಎಂದು ‘ಲಾಗಿನ್ ಡೆಫ್ಸ್’ ಫೈಲಿನಲ್ಲಿ ಗರಿಷ್ಠ ದಿನಗಳನ್ನು 99999ರಿಂದ 90ಕ್ಕೆ ಇಳಿಸಿದೆ. ನಾಲ್ಕು ತಿಂಗಳಾದರೂ ಯಾರಿಗೂ ಸೂಚನೆಯೇ ಬಂದಿಲ್ಲ. ಏಕೆ?
– ಲ್ಯಾಬ್ ಇನ್‌ಸ್ಟ್ರಕ್ಟರ್, ದಾವಣಗೆರೆ

ಉತ್ತರ: ಬರುವುದೂ ಇಲ್ಲ. ಆ ಫೈಲಿನ ಮಾತು ಹೊಸದಾಗಿ ತೆರೆಯುವ ಖಾತೆಗಳಿಗೆ ಮಾತ್ರ. ಈಗಾಗಲೇ ಇರುವವರ ಲೆಕ್ಕ ‘ಇಟಿಸಿ’ ಡೈರೆಕ್ಟರಿಯ ‘ಶ್ಯಾಡೋ’ ಫೈಲಿನಲ್ಲಿ, ಅವರವರ ಸಾಲಿನಲ್ಲಿ ಇರುತ್ತದೆ. ಒಂದೊಂದು ಸಾಲಿನಲ್ಲೂ ಕೋಲನ್ ಹಾಕಿ ಬಿಡಿಸಿದ ಒಂಬತ್ತು ಅಂಕಣಗಳು. ಮೂರನೆಯದು ಪಾಸ್‌ವರ್ಡ್ ಕಡೆಯ ಸಲ ಬದಲಾದ ದಿನ. ಅದನ್ನು 1970ರ ಜನವರಿ 1ರಿಂದ ಎಣಿಸುತ್ತಾರೆ. ಅಲ್ಲಿ 20000 ಅಂತಿದ್ದರೆ 2024ರ ಅಕ್ಟೋಬರ್ 4 ಎಂದು ಓದಿಕೊಳ್ಳಿ. ನಾಲ್ಕನೆಯದು ಒಮ್ಮೆ ಬದಲಿಸಿದ ಮೇಲೆ ಮತ್ತೆ ಬದಲಿಸಲು ಕಾಯಬೇಕಾದ ಕನಿಷ್ಠ ದಿನ, ಐದನೆಯದು ಒಂದು ಪಾಸ್‌ವರ್ಡ್ ನಡೆಯುವ ಗರಿಷ್ಠ ದಿನ, ಆರನೆಯದು ಎಷ್ಟು ದಿನ ಮುಂಚೆ ಎಚ್ಚರಿಸಬೇಕು ಎಂಬುದು. ಏಳನೆಯದು ವಾಯಿದೆ ಮುಗಿದ ಮೇಲೂ ಕೊಡುವ ರಿಯಾಯಿತಿ ದಿನಗಳು. ಎಂಟನೆಯದು ಖಾತೆಯೇ ಮುಗಿಯುವ ದಿನ. ಕೊನೆಯದಕ್ಕೆ ಸದ್ಯಕ್ಕೆ ಕೆಲಸವಿಲ್ಲ.

ಈ ಫೈಲನ್ನು ಎಡಿಟರ್‌ನಲ್ಲಿ ತೆರೆದು ಕೈಯಾರೆ ತಿದ್ದಬೇಡಿ. ಅದಕ್ಕೆಂದೇ ‘ಚೇಜ್’ ಕಮಾಂಡ್ ಇದೆ. ಅದರ ಮುಂದೆ ಅಡ್ಡಗೆರೆ ಹಾಕಿ ಆಯ್ಕೆಯ ಅಕ್ಷರವಾದ ಸ್ಮಾಲ್ ಎಲ್ ಕೊಟ್ಟು ಖಾತೆಯ ಹೆಸರು ಬರೆದರೆ ಈಗಿನ ಸ್ಥಿತಿಯೆಲ್ಲ ತೋರಿಸುತ್ತದೆ. ಕ್ಯಾಪಿಟಲ್ ಎಂ ಗರಿಷ್ಠ ದಿನಕ್ಕೆ, ಕ್ಯಾಪಿಟಲ್ ಡಬ್ಲ್ಯೂ ಎಚ್ಚರಿಕೆಗೆ, ಕ್ಯಾಪಿಟಲ್ ಐ ರಿಯಾಯಿತಿಗೆ.

ಆದರೆ ಎಲ್ಲ ಖಾತೆಗೂ ಒಂದೇ ಏಟಿಗೆ 90 ಹಾಕಿಬಿಡಬೇಡಿ. 200 ದಿನದ ಹಿಂದೆ ಪಾಸ್‌ವರ್ಡ್ ಬದಲಿಸಿದವರಿಗೆ ಕಮಾಂಡ್ ಒತ್ತಿದ ಗಳಿಗೆಯಲ್ಲೇ ವಾಯಿದೆ ಮುಗಿದಂತೆ. ರಿಯಾಯಿತಿ ಹಾಕಿಲ್ಲದಿದ್ದರೆ ಮುಂದಿನ ಲಾಗಿನ್‌ನಲ್ಲಿ ಹೊಸದು ಕೇಳುತ್ತದೆ, ಅಷ್ಟೇ. ಜೊತೆಗೆ 14 ದಿನದ ರಿಯಾಯಿತಿಯನ್ನೂ ಹಾಕಿದ್ದರೆ ಕಥೆ ಬೇರೆ: 90 ಕೂಡಿಸು 14, ಅಂದರೆ 104 ದಿನ ಎಂದೋ ಕಳೆದಿದೆ. ಅವರಿಗೆ ಬದಲಿಸುವ ಅವಕಾಶವೂ ಸಿಗದೆ ಬಾಗಿಲು ಮುಚ್ಚುತ್ತದೆ, ರೂಟ್ (ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ) ಬಂದೇ ತೆರೆಯಬೇಕು. ಹಾಗಾಗಿ ಮೊದಲು ಗರಿಷ್ಠ ದಿನವನ್ನಷ್ಟೇ ಹಾಕಿ, ಒಂದೊಂದು ಬ್ಯಾಚಿಗೆ ಮುಂಚೆ ತಿಳಿಸಿ. ಎಲ್ಲರೂ ಬದಲಿಸಿದ ಮೇಲೆ ರಿಯಾಯಿತಿ ಹಾಕಿ. ಸ್ಮಾಲ್ ಡಿ ಬಳಸಿ ಬದಲಾದ ದಿನಾಂಕವನ್ನೇ ಇಂದಿಗೆ ತಂದರೂ ಸಮಸ್ಯೆ ತಪ್ಪುತ್ತದೆ, ಆದರೆ ಅದು ದಾಖಲೆಗೆ ಸುಳ್ಳು ಬರೆದಂತೆ. ನಾವು ಅದನ್ನು ಹೇಳುವುದಿಲ್ಲ. ಅದೇ ಸ್ಮಾಲ್ ಡಿಗೆ 0 ಕೊಟ್ಟರೆ ಮುಂದಿನ ಲಾಗಿನ್‌ನಲ್ಲಿ ಬದಲಿಸಲೇಬೇಕು. ಹೊಸ ವಿದ್ಯಾರ್ಥಿಗಳಿಗೆಲ್ಲ ಒಂದೇ ತಾತ್ಕಾಲಿಕ ಪಾಸ್‌ವರ್ಡ್ ಕೊಡುವಾಗ ಇದು ಬೇಕಾಗುತ್ತದೆ.

ಪ್ರಶ್ನೆ: ಕೆಲಸ ಬಿಟ್ಟುಹೋದ ಅತಿಥಿ ಉಪನ್ಯಾಸಕರ ಖಾತೆಯನ್ನು ಪಾಸ್‌ವರ್ಡ್ ಬದಲಿಸುವ ಕಮಾಂಡ್ ‘ಪಾಸ್‌ಡಬ್ಲ್ಯೂಡಿ’ಯ ಸ್ಮಾಲ್ ಎಲ್ ಬಳಸಿ ಲಾಕ್ ಮಾಡಿದ್ದೆವು. ಆದರೂ ಅವರು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಒಳಗೆ ಬಂದಿದ್ದಾರೆ!
– ಸಿಸ್ಟಂ ಅಡ್ಮಿನ್, ಕಲಬುರಗಿ

ಉತ್ತರ: ನೀವು ಲಾಕ್ ಮಾಡಿದ್ದು ಪಾಸ್‌ವರ್ಡನ್ನು, ಖಾತೆಯನ್ನಲ್ಲ. ಆ ಕಮಾಂಡ್ ಶ್ಯಾಡೋ ಫೈಲಿನ ಎರಡನೇ ಅಂಕಣದ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ, ಪಾಸ್‌ವರ್ಡ್ ಹೊಂದದಂತಾಗುತ್ತದೆ. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಫೈಲು) ಇಟ್ಟುಕೊಂಡವರಿಗೆ ಪಾಸ್‌ವರ್ಡೇ ಬೇಕಿಲ್ಲವಲ್ಲ.

ಖಾತೆಯನ್ನೇ ಮುಚ್ಚಲು ಎಂಟನೇ ಅಂಕಣ ಬೇಕು, ಅಂದರೆ ಚೇಜ್‌ನ ಕ್ಯಾಪಿಟಲ್ ಇ. ಕೂಡಲೇ ಮುಚ್ಚಲು ಅದಕ್ಕೆ 1 ಕೊಡಿ. 0 ಕೊಡಬೇಡಿ: ಕೆಲವೆಡೆ ಅದಕ್ಕೆ ‘1970ರಲ್ಲೇ ಮುಗಿದಿದೆ’ ಎಂಬ ಅರ್ಥ, ಕೆಲವೆಡೆ ‘ಮುಗಿಯುವುದೇ ಇಲ್ಲ’ ಎಂಬ ಅರ್ಥ. ಮತ್ತೆ ತೆರೆಯಲು ಮೈನಸ್ 1. ಈಗಾಗಲೇ ಒಳಗಿರುವ ಸೆಷನ್ ಇದರಿಂದ ಕಡಿಯುವುದಿಲ್ಲ. ‘ಪಿಕಿಲ್’ಗೆ ಸ್ಮಾಲ್ ಯು ಮತ್ತು ಖಾತೆಯ ಹೆಸರು ಕೊಟ್ಟು ಅವರ ಪ್ರೋಸೆಸ್‌ಗಳನ್ನು ಬೇರೆಯಾಗಿ ನಿಲ್ಲಿಸಬೇಕು.

ಮುಂದಿನ ಸಲ ಖಾತೆ ತೆರೆಯುವ ದಿನವೇ ಕೊನೆಯ ದಿನಾಂಕ ಹಾಕಿಬಿಡಿ, ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ. ಕೊಟ್ಟ ದಿನಾಂಕದಂದೇ ಪ್ರವೇಶ ನಿಲ್ಲುತ್ತದೆ. ಜೂನ್ 30ರವರೆಗೆ ಕೆಲಸವಿದ್ದರೆ ಜುಲೈ 1 ಎಂದು ಬರೆಯಿರಿ.

ಪ್ರಶ್ನೆ: ರಾತ್ರಿಯ ಬ್ಯಾಕಪ್ ಮೂರು ತಿಂಗಳು ಸರಿಯಾಗಿ ನಡೆದು ತಟ್ಟನೆ ನಿಂತಿದೆ. ಸ್ಕ್ರಿಪ್ಟ್ ಮುಟ್ಟಿಯೇ ಇಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಮೂರು ತಿಂಗಳು ಎಂದಿರಲ್ಲ, ಅದೇ 90 ದಿನ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ‘ಕ್ರಾನ್’, ಕೆಲಸ ಶುರುಮಾಡುವ ಮುನ್ನ ‘ಪ್ಯಾಮ್’ (ಲಿನಕ್ಸ್‌ನಲ್ಲಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಮೂಲಕ ಖಾತೆಯನ್ನು ತಪಾಸಣೆ ಮಾಡುತ್ತದೆ. ಪಾಸ್‌ವರ್ಡ್ ವಾಯಿದೆ ಮುಗಿದಿದ್ದರೆ ಹೊಸದು ಕೇಳಬೇಕು, ರಾತ್ರಿ ಎರಡು ಗಂಟೆಗೆ ಉತ್ತರಿಸಲು ಯಾರೂ ಇಲ್ಲ, ಕೆಲಸ ಬಿದ್ದುಹೋಗುತ್ತದೆ. ಲಾಗ್‌ನಲ್ಲಿ ‘ಅಥೆಂಟಿಕೇಶನ್ ಟೋಕನ್ ಈಸ್ ನೋ ಲಾಂಗರ್ ವ್ಯಾಲಿಡ್’ ಎಂಬ ಸಾಲಿದೆಯೇ ನೋಡಿ. ಮನುಷ್ಯರು ಬಳಸದ ಇಂಥ ಖಾತೆಗೆ ಕ್ಯಾಪಿಟಲ್ ಎಂ ಮೈನಸ್ 1 ಹಾಕಿ. 99999 ಹಾಕಿದರೂ ನಡೆದೀತು: ಅದು ಸುಮಾರು 274 ವರ್ಷ, ಸರ್ವರ್ ಅಲ್ಲಿಯವರೆಗೆ ಬಾಳಿದರೆ ಆಗ ನೋಡಿಕೊಳ್ಳೋಣ. ಕೆಲಸ ರೂಟ್ ಹೆಸರಿನಲ್ಲಿ ಓಡುತ್ತಿದ್ದರೆ ರೂಟ್‌ನ ವಾಯಿದೆಯನ್ನೂ ನೋಡಿ.

ಪ್ರಶ್ನೆ: 30 ದಿನಕ್ಕೊಮ್ಮೆ ಬದಲಿಸಿದರೆ ಇನ್ನೂ ಭದ್ರವೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಜನ ಹಳೆಯ ಪಾಸ್‌ವರ್ಡಿನ ತುದಿಯ 1 ಅನ್ನು 2 ಮಾಡುತ್ತಾರೆ, ಅಷ್ಟೇ. ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಿಸಲು ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ನ ಭದ್ರತಾ ಶಿಫಾರಸಿನಿಂದ ಈ ವಾಯಿದೆಯನ್ನು ಕೈಬಿಟ್ಟಿತು. ಆಡಿಟ್‌ನವರು ಕೇಳುವ ಕಡೆ ಬೇರೆ ದಾರಿ ಇಲ್ಲ. ಆಗ ಒಂದು ಎಚ್ಚರ: ಸ್ಮಾಲ್ ಎಂನಲ್ಲಿ ಹಾಕುವ ಕನಿಷ್ಠ ದಿನ, ಗರಿಷ್ಠಕ್ಕಿಂತ ಹೆಚ್ಚಾದರೆ ಬಳಕೆದಾರರು ಪಾಸ್‌ವರ್ಡ್ ಬದಲಿಸಲು ಆಗುವುದೇ ಇಲ್ಲ. 1 ದಿನ ಸಾಕು.