ರಾತ್ರಿ ಎರಡು ಗಂಟೆಗೆ ತಲೆನೋವು ಬಂದರೆ?

ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುವ ಪ್ರಕರಣ ನನ್ನ ಹತ್ತಿರ ಪದೇ ಪದೇ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗಿಗೆ ಇಪ್ಪತ್ತಾರು. ಒಮ್ಮೆ ಫಿಟ್ಸ್ ಬಂದು ಎಂಆರ್‌ಐ ಮಾಡಿಸಿದಾಗ ಮೆದುಳಲ್ಲಿ ಎವಿಎಂ ಇರುವುದು ಗೊತ್ತಾಯಿತು. ಅಂದರೆ ರಕ್ತನಾಳಗಳ ಸಿಕ್ಕು. ಅಪಧಮನಿಯ ಜೋರು ರಕ್ತ ನೇರವಾಗಿ ತೆಳು ಗೋಡೆಯ ಅಭಿಧಮನಿಗೆ ನುಗ್ಗುತ್ತದೆ, ಆ ಗೋಡೆ ಒಡೆಯಬಹುದು. ಇವಳದ್ದು ಒಡೆದಿಲ್ಲ. ಸದ್ಯ ಆಪರೇಷನ್ ಬೇಡ, ನೋಡೋಣ ಅಂದಿದ್ದರು ಡಾಕ್ಟರು. ಅದು ಉದಾಸೀನವೇನಲ್ಲ. 2014ರಲ್ಲಿ ಪ್ರಕಟವಾದ ಅರೂಬಾ (ARUBA) ಅನ್ನುವ ಹೆಸರಿನ ಅಧ್ಯಯನದಲ್ಲಿ ಒಡೆಯದ ಎವಿಎಂಗೆ ಆಪರೇಷನ್, ರೇಡಿಯೇಷನ್ ಅಂತ ಮಾಡಿಸಿಕೊಂಡವರಲ್ಲೇ ಸ್ಟ್ರೋಕ್ ಇಲ್ಲವೇ ಸಾವು ಜಾಸ್ತಿ ಕಂಡಿತ್ತು. ಆದರೆ ಅದು ಸುಮಾರು ಮೂರು ವರ್ಷದ ಲೆಕ್ಕ ಅಷ್ಟೇ, ಹಾಗಾಗಿ ಚಿಕ್ಕ ವಯಸ್ಸಿನವರ ವಿಷಯದಲ್ಲಿ ಡಾಕ್ಟರುಗಳ ವಾದ ಇನ್ನೂ ಮುಗಿದಿಲ್ಲ.

ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರಿಗೆ ಹೇಳಿಲ್ಲ. "ಫಿಟ್ಸ್ ಮಾತ್ರೆನ ವಿಟಮಿನ್ ಡಬ್ಬಿಗೆ ಹಾಕಿಟ್ಟಿದ್ದೀನಿ ಮೇಡಂ, ಯಾರಿಗೂ ಗೊತ್ತಾಗಲ್ಲ" ಅಂದ ತಾಯಿ ಬ್ಯಾಗಿಂದ ಡಬ್ಬಿ ತೆಗೆದು ತೋರಿಸಿಯೂ ಬಿಟ್ಟರು. ಒಡೆಯುವ ಸಾಧ್ಯತೆ ವರ್ಷಕ್ಕೆ ಒಂದೋ ಎರಡೋ ಪರ್ಸೆಂಟ್ ತಾನೇ ಅನ್ನುವುದು ಅವರ ವಾದ. ವರ್ಷದ ಲೆಕ್ಕ ಸರಿಯೇ. ಆದರೆ 1.3 ಪರ್ಸೆಂಟ್ ಅಂತ ಹಿಡಿದರೂ 30 ವರ್ಷಕ್ಕೆ ಅದು ಮೂರರಲ್ಲೊಂದು ಪಾಲಿನ ಹತ್ತಿರ ಹೋಗುತ್ತದೆ. ಇಷ್ಟು ಹೇಳಿದ್ದೇ ತಡ, "ಹಾಗಾದ್ರೆ ಮದುವೆನೇ ಬೇಡ ಬಿಡಿ" ಅಂದುಬಿಟ್ಟರು. ಎಲ್ಲ ಮನೆಗಳಲ್ಲೂ ಇದೇ ಕಥೆ, ಒಂದೋ ಏನೂ ಇಲ್ಲ, ಇಲ್ಲಾಂದ್ರೆ ಎಲ್ಲಾ ಮುಗೀತು.

ಅಲ್ಲಿವರೆಗೂ ಬಾಯಿ ಬಿಡದೆ ಕೂತಿದ್ದ ಹುಡುಗಿ ಆಗ ಕೇಳಿದಳು: "ಅಮ್ಮಾ, ಆ ಮನೇಲಿ ರಾತ್ರಿ ಎರಡು ಗಂಟೆಗೆ ತಲೆನೋವು ಬಂದ್ರೆ ನಾನು ಯಾರನ್ನ ಎಬ್ಬಿಸ್ಲಿ? ಎಬ್ಬಿಸಿ ಏನಂತ ಹೇಳ್ಲಿ?"

ತಾಯಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು.

ಮದುವೆಗೆ ಮುಂಚೆಯೇ ಹುಡುಗನಿಗೆ ಹೇಳಿ, ಎಂಆರ್‌ಐ ಫೈಲ್ ಸಮೇತ ಹೇಳಿ ಅಂದೆ. ಈ ಸಲಹೆಗೆ ಬೇಕಾದಷ್ಟು ಬೈಸಿಕೊಂಡಿದ್ದೇನೆ, ಸಂಬಂಧ ಮುರಿದರೆ ನಿಮಗೇನು ಅಂತ. ಬೈಯಲಿ. ಸತ್ಯ ಹೇಳಿ ಪುಣ್ಯ ಕಟ್ಟಿಕೊಳ್ಳಲಿ ಅಂತ ನಾನು ಹೇಳುವುದಲ್ಲ. ಹಿಂದೆಂದೂ ಬರದಂಥ ತಲೆನೋವು ದಿಢೀರ್ ಅಂತ ಬಂದರೆ, ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಬಾಮ್ ಹಚ್ಚಿ ಮಲಗಿಸುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಪಕ್ಕದಲ್ಲಿ ಮಲಗಿದವನಿಗೇ ಗೊತ್ತಿಲ್ಲದಿದ್ದರೆ ಯಾರು ಕರೆದುಕೊಂಡು ಹೋಗುತ್ತಾರೆ?

ಆಮೇಲೆ ಹುಡುಗ ಒಬ್ಬನೇ ಬಂದ. ಗಾಮಾ ನೈಫ್ (ತಲೆ ತೆರೆಯದೆ ಸಿಕ್ಕಿಗೆ ರೇಡಿಯೇಷನ್ ಕೊಡುವ ಚಿಕಿತ್ಸೆ) ಮಾಡಿಸಿದರೆ ಅಪಾಯ ಅವತ್ತೇ ಹೋಗುತ್ತಾ ಅಂತ ಕೇಳಿದ. ಇಲ್ಲ, ಸಿಕ್ಕು ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಬೇಕು, ಅಲ್ಲಿವರೆಗೂ ರಕ್ತಸ್ರಾವ ಆಗಬಹುದು ಅಂದೆ. ಉಳಿದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಇಬ್ಬರೂ ಒಟ್ಟಿಗೇ ನ್ಯೂರೋ ಸರ್ಜನ್ ಹತ್ತಿರ ಹೋಗಿ ಅಂತ ಕಳಿಸಿದೆ.