ಐದನೇ ಕ್ಲಾಸಿಗೆ ಮಣ್ಣಿನ ಪಾಠವನ್ನು ಪ್ರಯೋಗ ಮಾಡಿಸಿಯೇ ಕಲಿಸಬೇಕಾ? ಕಲಬುರಗಿಯ ಹಳ್ಳಿ ಶಾಲೆಯಲ್ಲಿ ಏನು ಮಾಡಿಸಬಹುದು?

ಮಾಡಿಸಿಯೇ ಕಲಿಸಿ. ಆದರೆ ಮಣ್ಣಿಗೆ ನೀರು ಸುರಿಯುವ ಮೊದಲು ಏನಾಗುತ್ತದೆ ಅಂತ ಮಕ್ಕಳಿಂದಲೇ ಹೇಳಿಸಿ, ಬೋರ್ಡ್ ಮೇಲೆ ಬರೆದಿಡಿ. ತಾನು ಹೇಳಿದ್ದು ಸುಳ್ಳಾದಾಗ ‘ಯಾಕೆ ಹೀಗಾಯ್ತು?’ ಅಂತ ಮಗುವೇ ಕೇಳುತ್ತದೆ. ಊಹೆ ಇಲ್ಲದಿದ್ದರೆ ಪ್ರಯೋಗ ಸುಮ್ನೆ ತಮಾಷೆ ಅಷ್ಟೇ.

ಹೊಲದ ಎರೆಮಣ್ಣು (ಕಪ್ಪು ಮಣ್ಣು), ಸ್ವಲ್ಪ ಮರಳು ತರಿಸಿ. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಒಂದರಲ್ಲಿ ಎರೆಮಣ್ಣು, ಇನ್ನೊಂದರಲ್ಲಿ ಮರಳು ಅರ್ಧದಷ್ಟು ತುಂಬಿಸಿ, ಒಂದೊಂದು ಲೋಟ ನೀರು ಹಾಕಿ. ಮರಳಿನಿಂದ ನೀರು ಬೇಗ ಇಳಿಯುತ್ತದೆ. ಎರೆಮಣ್ಣಿನ ಮೇಲೆ ಹಾಗೇ ನಿಲ್ಲುತ್ತದೆ. ಅದರ ಕಣಗಳು ತೀರಾ ಸಣ್ಣವು, ನೀರು ಕುಡಿದರೆ ಉಬ್ಬಿ ಸಂದು ಮುಚ್ಚಿಬಿಡುತ್ತವೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಕುಗ್ಗುತ್ತದೆ, ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬೀಳುತ್ತದೆ.

ಹೆಂಟೆಗಳನ್ನು ಮೊದಲೇ ಪುಡಿ ಮಾಡಿಸಿ. ಇಲ್ಲವಾದರೆ ನೀರು ಸಂದಿಯಲ್ಲಿ ಸರ್ರನೆ ಇಳಿದು ಎಲ್ಲ ಉಲ್ಟಾ ಆಗುತ್ತದೆ. ಆದರೂ ನಷ್ಟವಿಲ್ಲ, ಇನ್ನೊಂದು ಪ್ರಶ್ನೆ ಸಿಕ್ಕಿತಲ್ವಾ?

ಆಮೇಲೆ ಇದನ್ನೂ ಕೇಳಿ: ಮಳೆ ನಿಂತ ಮೇಲೂ ಹಿಂಗಾರಿನ ಜೋಳ, ಕಡಲೆ ಯಾವ ನೀರಿನಲ್ಲಿ ಬೆಳೆಯುತ್ತವೆ? ಎರೆಮಣ್ಣು ಕುಡಿದು ಹಿಡಿದಿಟ್ಟ ನೀರಿನಲ್ಲೇ ಅಂತ ಒಕ್ಕಲುತನದ ಮನೆಯ ಮಕ್ಕಳು ನಿಮಗಿಂತ ಮೊದಲೇ ಉತ್ತರ ಹೇಳುತ್ತಾರೆ.